ಮನೆಯ ವೈರ್‌ಲೆಸ್ ಸೆನ್ಸರ್, ರಿಮೋಟ್, ಸ್ಮಾರ್ಟ್ ಲಾಕ್ ಸೆಲ್ ಬೇಗ ಖಾಲಿ ಆಗ್ತಿದ್ರೆ ಏನೇನು ನೋಡ್ಬೇಕು

ಡೋರ್ ಸೆನ್ಸರ್ ಡಬ್ಬಿ ಮೇಲೆ 2 ವರ್ಷ ಬರುತ್ತೆ ಅಂತ ಪ್ರಿಂಟ್ ಇರುತ್ತೆ, ತಂದು ಬಾಗಿಲಿಗೆ ಅಂಟಿಸಿದ್ರೆ ಐದಾರು ತಿಂಗಳಿಗೇ ಆ್ಯಪ್‌ನಲ್ಲಿ ಕೆಂಪು ಬ್ಯಾಟರಿ ಚಿಹ್ನೆ. ಸೆಲ್ ಡೂಪ್ಲಿಕೇಟ್ ಇರ್ಬೇಕು ಅಂದ್ಕೊಂಡು ಬೇರೆ ಕಂಪನಿದು ಹಾಕ್ತೀವಿ, ಅದೂ ಹಂಗೇ ಹೋಗುತ್ತೆ. ಮನೇಲಿ ಹದಿನೈದು ಇಪ್ಪತ್ತು ಸೆನ್ಸರ್ ಇದ್ರಂತೂ ತಿಂಗಳು ತಿಂಗಳು ಸ್ಟೂಲ್ ಹತ್ತಿ ಸೆಲ್ ಬದಲಾಯಿಸೋದೇ ಒಂದು ಕೆಲ್ಸ ಆಗ್ಬಿಡುತ್ತೆ, ಆಮೇಲೆ ಬೇಜಾರಾಗಿ ಒಂದೊಂದೇ ಸೆನ್ಸರ್ ಡ್ರಾಯರ್ ಸೇರುತ್ತೆ. ಹಂಗಾಗ್ಬಾರದು ಅಂತಾನೇ ಇಷ್ಟುದ್ದ ಬರೀತಿದೀನಿ. ಸೆಲ್ ಬದಲಾಯಿಸೋ ಮುಂಚೆ ಆ ಸೆಲ್‌ನ ತಿಂತಿರೋದು ಏನು ಅಂತ ಹುಡುಕಿ. ಎಷ್ಟೋ ಮನೆಗಳಲ್ಲಿ ಉತ್ತರ ಸಿಗೋದು ಗೋಡೆ ಮೇಲಿನ ಪ್ಲಗ್ ಪಾಯಿಂಟ್‌ನಲ್ಲಿ.

ಮೊದಲು ಒಂಚೂರು ಲೆಕ್ಕ. ಸಿಆರ್2032 ಕಾಯಿನ್ ಸೆಲ್‌ನಲ್ಲಿ ಸುಮಾರು 220 ಎಂಎಎಚ್ (ಸೆಲ್‌ನಲ್ಲಿರೋ ಚಾರ್ಜ್‌ನ ಅಳತೆ) ಇರುತ್ತೆ, ವರ್ಷಕ್ಕೆ 8760 ಗಂಟೆ, ಭಾಗಿಸಿ ನೋಡಿದ್ರೆ 25 ಮೈಕ್ರೋ ಆಂಪ್ ಬರುತ್ತೆ. ಅಂದ್ರೆ ಸರಾಸರಿ 25 ಮೈಕ್ರೋ ಆಂಪ್ ಎಳೆಯೋ ಸೆನ್ಸರ್‌ಗೆ ಈ ಸೆಲ್ ಒಂದು ವರ್ಷ ಬರುತ್ತೆ, 2 ವರ್ಷ ಬರ್ಬೇಕು ಅಂದ್ರೆ ಸರಾಸರಿ 12ರ ಹತ್ತಿರ ಇರ್ಬೇಕು. ಜಿಗ್‌ಬೀ (ಕಮ್ಮಿ ಪವರ್‌ನಲ್ಲಿ ಸ್ಮಾರ್ಟ್ ಡಿವೈಸ್‌ಗಳು ಮಾತಾಡೋ ರೇಡಿಯೋ ಪದ್ಧತಿ) ಸೆನ್ಸರ್ ನಿದ್ದೇಲಿದ್ದಾಗ ಎಳೆಯೋದು ಕೆಲವೇ ಮೈಕ್ರೋ ಆಂಪ್, ರೇಡಿಯೋ ಆನ್ ಆದ ಕ್ಷಣ ಅದು 10ರಿಂದ 20 ಮಿಲಿ ಆಂಪ್‌ಗೆ ಏರುತ್ತೆ, ಸಾವಿರಾರು ಪಟ್ಟು ಜಾಸ್ತಿ. ಒಂದು ಮಾಮೂಲಿ ಮೆಸೇಜ್ ಕಳ್ಸಿ ಮಲಗೋಕೆ ಬೇಕಿರೋದು ಕೆಲವು ಹತ್ತು ಮಿಲಿ ಸೆಕೆಂಡ್ ಅಷ್ಟೇ, ಹಾಗಾಗಿ ನಡೆಯುತ್ತೆ. ರೇಡಿಯೋ ಆನ್ ಆಗಿರೋ ಹೊತ್ತು ಯಾವ ಕಾರಣಕ್ಕಾದ್ರೂ ಜಾಸ್ತಿ ಆದ್ರೆ ಮಾತ್ರ ಲೆಕ್ಕ ಪೂರ್ತಿ ಕೆಡುತ್ತೆ. ಇದೊಂದು ತಲೇಲಿದ್ರೆ ಮುಂದೆ ಹೇಳೋದೆಲ್ಲ ಸುಲಭವಾಗಿ ಅರ್ಥ ಆಗುತ್ತೆ.

ಕರೆಂಟ್ ಹೋದಾಗ, ಸ್ವಿಚ್ ಆಫ್ ಮಾಡಿದಾಗ

ಸೆಲ್ ಮೇಲೆ ನಡೆಯೋ ಜಿಗ್‌ಬೀ ಸೆನ್ಸರ್ ನೇರವಾಗಿ ಹಬ್ (ಎಲ್ಲಾ ಸೆನ್ಸರ್‌ಗಳ ಸುದ್ದಿ ಬಂದು ಸೇರೋ ಡಬ್ಬಿ) ಜೊತೆನೇ ಮಾತಾಡ್ಬೇಕು ಅಂತೇನಿಲ್ಲ. ಹತ್ತಿರದಲ್ಲಿ ಕರೆಂಟ್ ಮೇಲೆ ನಡೆಯೋ ಯಾವುದಾದ್ರೂ ಜಿಗ್‌ಬೀ ಡಿವೈಸ್ ಇದ್ರೆ, ಸ್ಮಾರ್ಟ್ ಪ್ಲಗ್ಗೋ ಬಲ್ಬೋ ಸ್ವಿಚ್ ಮಾಡ್ಯೂಲೋ, ಅದನ್ನೇ ಪೇರೆಂಟ್ ಮಾಡ್ಕೊಂಡು ಅದರ ಮೂಲಕ ಹಬ್‌ಗೆ ಮೆಸೇಜ್ ಕಳಿಸುತ್ತೆ. ಸೆನ್ಸರ್ ಮಲಗಿದ್ದಾಗ ಅದರ ಹೆಸರಿಗೆ ಬಂದ ಮೆಸೇಜ್‌ನ ಪೇರೆಂಟ್ ಕೆಲವು ಸೆಕೆಂಡ್ ಇಟ್ಕೊಂಡಿರುತ್ತೆ, ಸೆನ್ಸರ್ ಆಗಾಗ ಎದ್ದು ನಂಗೇನಾದ್ರೂ ಬಂದಿದ್ಯಾ ಅಂತ ಕೇಳಿ ಮತ್ತೆ ಮಲಗುತ್ತೆ. ಥ್ರೆಡ್ ಅನ್ನೋ ಇನ್ನೊಂದು ರೇಡಿಯೋ ಪದ್ಧತಿ ಮೇಲೆ ನಡೆಯೋ, ಮ್ಯಾಟರ್ ಸ್ಟ್ಯಾಂಡರ್ಡ್‌ನ ಸೆನ್ಸರ್‌ಗಳೂ ಹೆಚ್ಚುಕಮ್ಮಿ ಇದೇ ಥರ. ಈ ಏರ್ಪಾಡು ನಡೀಬೇಕು ಅಂದ್ರೆ ಪೇರೆಂಟ್ ದಿನದ 24 ಗಂಟೆನೂ ಎಚ್ಚರ ಇರ್ಬೇಕು.

ಈಗ ನಮ್ಮ ಮನೆಗಳನ್ನ ನೋಡಿ. ನಮ್ಮಲ್ಲಿ ಪ್ರತಿ ಪ್ಲಗ್ ಪಾಯಿಂಟ್‌ಗೂ ಪಕ್ಕದಲ್ಲೇ ಒಂದು ಸ್ವಿಚ್ ಇರುತ್ತೆ. ರಾತ್ರಿ ಮಲಗೋ ಮುಂಚೆ ಅಮ್ಮ ಟೀವಿ, ಮಿಕ್ಸಿ, ಚಾರ್ಜರ್ ಸ್ವಿಚ್ ಎಲ್ಲ ಆಫ್ ಮಾಡ್ಕೊಂಡು ಬರ್ತಾರೆ, ಒಳ್ಳೆ ಅಭ್ಯಾಸನೇ, ಆದ್ರೆ ಜೊತೆಗೆ ಸ್ಮಾರ್ಟ್ ಪ್ಲಗ್ಗೂ ಆಫ್ ಆಗುತ್ತೆ. ಸ್ಮಾರ್ಟ್ ಬಲ್ಬ್‌ನ ಅಂತೂ ಮನೆಯವರೆಲ್ಲ ಗೋಡೆ ಸ್ವಿಚ್‌ನಲ್ಲೇ ಆಫ್ ಮಾಡ್ತಾರೆ. ಅದ್ರ ಮೇಲೆ ಬೇಸಿಗೇಲಿ ಲೋಡ್ ಶೆಡ್ಡಿಂಗ್, ಮಳೆಗಾಲದಲ್ಲಿ ಮರ ಬಿದ್ದು ಲೈನ್ ಹೋಗೋದು. ಪೇರೆಂಟ್ ಮಾಯ ಆದ್ರೆ ಸೆನ್ಸರ್ ಜಾತ್ರೇಲಿ ಅಮ್ಮನ ಕೈ ತಪ್ಪಿದ ಮಗು ಥರ ಕೂಗ್ತಾ ಹುಡುಕೋಕೆ ಶುರು ಮಾಡುತ್ತೆ. ಜಿಗ್‌ಬೀಗೆ 11ರಿಂದ 26ರ ತನಕ ಒಟ್ಟು 16 ಚಾನೆಲ್ ಇದೆ, ಕೆಲವು ಸೆನ್ಸರ್ ಎಲ್ಲಾ ಚಾನೆಲ್‌ಗೂ ಹೋಗಿ ಯಾರಾದ್ರೂ ಇದೀರಾ ಅಂತ ಕೇಳಿ ಉತ್ತರಕ್ಕೆ ಕಾಯುತ್ತೆ, ಅಷ್ಟು ಹೊತ್ತೂ ರೇಡಿಯೋ ಆನ್. ಒಂದು ಸಲ ಹಿಂಗೆ ಹುಡುಕೋದಕ್ಕೆ ಹೋಗೋ ಚಾರ್ಜ್‌ನಲ್ಲಿ ಹತ್ತಾರು ಮಾಮೂಲಿ ಮೆಸೇಜ್ ಕಳಿಸ್ಬಹುದಿತ್ತು. ಸರಿಯಾಗಿ ಮಾಡಿರೋ ಸೆನ್ಸರ್ ಆದ್ರೆ ಸಿಗದೇ ಇದ್ದಾಗ ಹುಡುಕಾಟದ ನಡುವಿನ ಗ್ಯಾಪ್‌ನ ಜಾಸ್ತಿ ಮಾಡ್ಕೊಂಡು ಹೋಗುತ್ತೆ, ಅಷ್ಟು ತಲೆ ಕೆಡಿಸ್ಕೊಳ್ಳದೆ ಮಾಡಿರೋವು ಪದೇ ಪದೇ ಕೂಗ್ತಾನೇ ಇರ್ತವೆ. ದಿನಾ ರಾತ್ರಿ ಎಂಟು ಗಂಟೆ ಇದೇ ನಡೆದ್ರೆ 2 ವರ್ಷದ ಸೆಲ್ ಎಲ್ಲಿಂದ ಬರ್ಬೇಕು.

ಇದಕ್ಕೆ ಪರಿಹಾರ ದುಬಾರಿ ಏನಲ್ಲ. ಮನೇಲಿ ಇನ್ವರ್ಟರ್ ಇದ್ರೆ ಯಾವ ಪಾಯಿಂಟ್‌ಗಳು ಇನ್ವರ್ಟರ್ ಲೈನ್‌ನಲ್ಲಿವೆ ಅಂತ ಮೊದಲು ಪತ್ತೆ ಮಾಡಿ, ಮೇನ್ ಆಫ್ ಮಾಡಿ ಒಂದು ಚಾರ್ಜರ್ ಹಿಡ್ಕೊಂಡು ಮನೆ ಸುತ್ತಿದ್ರೆ ಗೊತ್ತಾಗುತ್ತೆ. ಹಬ್, ವೈಫೈ ರೂಟರ್, ಮತ್ತೆ ಮಹಡಿಗೆ ಒಂದರಂತೆ, ಸೆನ್ಸರ್‌ಗಳಿಗೆ ಪೇರೆಂಟ್ ಆಗೋ ಜಿಗ್‌ಬೀ ರಿಪೀಟರ್ ಇಷ್ಟನ್ನಾದ್ರೂ ಆ ಲೈನ್‌ಗೆ ಹಾಕಿ. ರಿಪೀಟರ್ ಅಂದ್ರೆ ಯುಎಸ್‌ಬಿ ಚಾರ್ಜರ್‌ಗೆ ಸಿಗಿಸೋ ಚಿಕ್ಕ ಡಾಂಗಲ್ ಥರದ್ದೇ ಸಿಗುತ್ತೆ, ಅದಕ್ಕೆ ಬೇರೆ ಕೆಲ್ಸ ಇಲ್ಲ, ಹಾಗಾಗಿ ಯಾರೂ ಅದನ್ನ ಆಫ್ ಮಾಡೋ ಅಗತ್ಯನೂ ಬರಲ್ಲ. ಯಾರ ಕೈಗೂ ಸಿಗದ ಕಡೆ ಹಾಕಿ, ಬೀರು ಹಿಂದಿನ ಪಾಯಿಂಟೋ ಲಾಫ್ಟ್ ಪಕ್ಕದ ಪಾಯಿಂಟೋ, ಆದ್ರೆ ಕಬ್ಬಿಣದ ಬೀರು ಸಿಗ್ನಲ್‌ಗೆ ಅಡ್ಡ ಬರದ ಹಂಗೆ ನೋಡ್ಕೊಳ್ಳಿ. ಸ್ವಿಚ್ ಮೇಲೆ ಒಂದು ಟೇಪ್ ಅಂಟಿಸಿ ಆಫ್ ಮಾಡ್ಬೇಡಿ ಅಂತ ಬರೆದ್ರೆ ಮನೆ ಕೆಲ್ಸಕ್ಕೆ ಬರೋರಿಗೂ ಗೊತ್ತಾಗುತ್ತೆ. ಇನ್ವರ್ಟರ್ ಇಲ್ದೇ ಇದ್ರೆ ರೂಟರ್‌ಗೆ ಅಂತಾನೇ ಸಿಗೋ 12 ವೋಲ್ಟ್ ಮಿನಿ ಯುಪಿಎಸ್ ಹಾಕಿ, ಹಬ್‌ನ ಅಡಾಪ್ಟರ್ ವೋಲ್ಟೇಜ್ ನೋಡಿ ಅದಕ್ಕೆ ಹೊಂದೋ ಔಟ್‌ಪುಟ್ ಇರೋದನ್ನ ತಗೊಂಡ್ರೆ ಎರಡೂ ಅದರಲ್ಲೇ ನಡೀತವೆ.

ಸ್ವಿಚ್ ಬೋರ್ಡ್ ಹಿಂದೆ ಕೂರೋ ಮಾಡ್ಯೂಲ್ ಹಾಕ್ಸೋ ಪ್ಲಾನ್ ಇದ್ರೆ ಎಲೆಕ್ಟ್ರಿಷಿಯನ್‌ನ ಒಂದು ಮಾತು ಕೇಳಿ, ಬೋರ್ಡ್‌ನಲ್ಲಿ ನ್ಯೂಟ್ರಲ್ ಇದ್ಯಾ ಅಂತ. ಹಳೇ ಮನೆಗಳ ಲೈಟ್ ಬೋರ್ಡ್‌ಗೆ ಬರೀ ಫೇಸ್ ತಂದಿರ್ತಾರೆ. ನ್ಯೂಟ್ರಲ್ ಇಲ್ದೇ ನಡೆಯೋ ಜಿಗ್‌ಬೀ ಮಾಡ್ಯೂಲ್‌ಗಳು ಸಾಮಾನ್ಯವಾಗಿ ರಿಪೀಟರ್ ಆಗಿ ಕೆಲ್ಸ ಮಾಡಲ್ಲ, ಮನೆ ತುಂಬ ಅವನ್ನೇ ಹಾಕಿದ್ರೂ ಸೆನ್ಸರ್‌ಗಳಿಗೆ ಅದರಿಂದ ಉಪಯೋಗ ಇಲ್ಲ. ನ್ಯೂಟ್ರಲ್ ಇರೋ ಮಾಡ್ಯೂಲ್ ಆದ್ರೆ ಗೋಡೆ ಸ್ವಿಚ್ ಆಫ್ ಮಾಡಿದ್ರೂ ಅದು ಎಚ್ಚರ ಇರುತ್ತೆ, ಬಲ್ಬ್‌ಗಿಂತ ಇದು ಎಷ್ಟೋ ಮೇಲು. ನನ್ನ ಕೇಳಿದ್ರೆ ಇಂಡಿಯಾದ ಮನೆಗಳಿಗೆ ಸ್ಮಾರ್ಟ್ ಬಲ್ಬ್ ನಂಬ್ಕೊಂಡು ಜಿಗ್‌ಬೀ ನೆಟ್‌ವರ್ಕ್ ಕಟ್ಟಲೇಬಾರದು.

ಸಿಗ್ನಲ್ ವೀಕ್ ಇದ್ರೂ ಸೆಲ್ ಹೋಗುತ್ತೆ

ಮೆಸೇಜ್ ಒಂದೇ ಸಲಕ್ಕೆ ತಲುಪಿಲ್ಲ ಅಂದ್ರೆ ಸೆನ್ಸರ್ ಮತ್ತೆ ಕಳಿಸುತ್ತೆ, ಮತ್ತೆ ಕಳಿಸುತ್ತೆ. ಜಿಗ್‌ಬೀ, ಥ್ರೆಡ್, ಬ್ಲೂಟೂತ್, ವೈಫೈ ಎಲ್ಲಾ 2.4 ಗಿಗಾಹರ್ಟ್ಸ್‌ನಲ್ಲೇ ಗುದ್ದಾಡ್ತವೆ, ಅಪಾರ್ಟ್‌ಮೆಂಟ್‌ನಲ್ಲಿ ಅಕ್ಕಪಕ್ಕ ಮೇಲೆಕೆಳಗೆ ಇಪ್ಪತ್ತು ರೂಟರ್ ಇರುತ್ತೆ. ವೈಫೈ ಚಾನೆಲ್ 1, 6, 11ನ 20 ಮೆಗಾಹರ್ಟ್ಸ್ ಅಗಲದಲ್ಲಿ ಬಳಸಿದ್ರೆ ಅವುಗಳ ಮಧ್ಯದ ಸಂದಿಗೆ ಜಿಗ್‌ಬೀಯ 15 ಮತ್ತೆ 20 ಬರುತ್ತೆ, 25 ಅಂತೂ 11ನ್ನ ದಾಟಿ ಆಚೆ ಇರುತ್ತೆ. 26 ಇನ್ನೂ ದೂರ ಇದೆಯಲ್ಲ ಅಂತ ಅದನ್ನ ಹಾಕೋಕೆ ಹೋಗ್ಬೇಡಿ, ಕೆಲವು ಡಿವೈಸ್‌ಗಳು ಅದರಲ್ಲಿ ಕಮ್ಮಿ ಪವರ್‌ನಲ್ಲಿ ಕಳಿಸ್ತವೆ, ಕೆಲವು ಸೇರೋದೇ ಇಲ್ಲ. ಚಾನೆಲ್‌ನ ಶುರುನಲ್ಲೇ ತೀರ್ಮಾನ ಮಾಡಿ, ಮೂವತ್ತು ಸೆನ್ಸರ್ ಸೇರಿಸಿದ ಮೇಲೆ ಬದಲಾಯಿಸಿದ್ರೆ ಸೆಲ್ ಡಿವೈಸ್‌ಗಳನ್ನ ಒಂದೊಂದಾಗಿ ಮತ್ತೆ ಪೇರ್ ಮಾಡೋ ಪರಿಸ್ಥಿತಿ ಬರ್ಬಹುದು. ನಿಮ್ಮ ರೂಟರ್‌ನಲ್ಲಿ 2.4 ಗಿಗಾಹರ್ಟ್ಸ್ ಅಗಲ ಆಟೋ ಅಥವಾ 40 ಅಂತಿದ್ರೆ 20ಕ್ಕೆ ಇಳಿಸಿ, ಫೋನ್ ಲ್ಯಾಪ್‌ಟಾಪ್‌ಗೆ ಸ್ಪೀಡ್ ಬೇಕು ಅಂದ್ರೆ 5 ಗಿಗಾಹರ್ಟ್ಸ್ ಇದ್ದೇ ಇದೆ.

ರಾಸ್ಪ್‌ಬೆರಿ ಪೈ ಅನ್ನೋ ಪುಟ್ಟ ಕಂಪ್ಯೂಟರ್ ಮೇಲೆ ಹೋಮ್ ಅಸಿಸ್ಟೆಂಟ್ (ಸ್ಮಾರ್ಟ್ ಮನೆ ನಡೆಸೋ ಸಾಫ್ಟ್‌ವೇರ್) ಓಡಿಸೋರು ಇದನ್ನ ಓದ್ಲೇಬೇಕು. ಜಿಗ್‌ಬೀ ಡಾಂಗಲ್‌ನ ನೀಲಿ ಬಣ್ಣದ ಯುಎಸ್‌ಬಿ 3 ಪೋರ್ಟ್‌ಗೆ ನೇರ ಚುಚ್ಚಿ ಪಕ್ಕದಲ್ಲಿ ಎಸ್‌ಎಸ್‌ಡಿ ಹಾಕಿದ್ರೆ ಆ ಪೋರ್ಟ್ ಮತ್ತೆ ಕೇಬಲ್‌ನಿಂದ ಬರೋ ಗದ್ದಲ 2.4 ಗಿಗಾಹರ್ಟ್ಸ್‌ನಲ್ಲೇ ಇರುತ್ತೆ, ಹಬ್‌ಗೆ ಸೆನ್ಸರ್ ಮಾತು ಕೇಳ್ಸೋದೇ ಇಲ್ಲ, ಸೆನ್ಸರ್ ಅಲ್ಲಿ ಹೇಳಿದ್ದೇ ಹೇಳ್ತಾ ಸೆಲ್ ಸುಡ್ತಿರುತ್ತೆ. ಒಂದು ಮೀಟರ್ ಯುಎಸ್‌ಬಿ 2 ಎಕ್ಸ್‌ಟೆನ್ಶನ್ ಕೇಬಲ್ ಹಾಕಿ ಡಾಂಗಲ್‌ನ ದೂರ ಇಡಿ, ವೈಫೈ ರೂಟರ್‌ನಿಂದಾನೂ ದೂರ. ಇದಕ್ಕಿಂತ ಕಮ್ಮಿ ಖರ್ಚಲ್ಲಿ ಇಷ್ಟು ಫಲ ಕೊಡೋ ರಿಪೇರಿ ಇನ್ನೊಂದಿಲ್ಲ.

ಜಾಗಾನೂ ನೋಡಿ. ಕಬ್ಬಿಣದ ಬೀರು ಒಳಗೆ ಸೆನ್ಸರ್ ಇಟ್ರೆ ಸಿಗ್ನಲ್ ಬಾಗಿಲ ಸಂದಿಯಿಂದ ಮಾತ್ರ ಹೊರಗೆ ಬರ್ಬೇಕು, ಸಾಧ್ಯ ಆದ್ರೆ ಹೊರಗಡೆ ಅಂಟಿಸಿ. ಕಬ್ಬಿಣದ ಗೇಟ್, ಕೊಲ್ಯಾಪ್ಸಿಬಲ್ ಗೇಟ್‌ಗೆ ಹಾಕೋದಾದ್ರೆ ಮಧ್ಯೆ ಒಂದು ಪ್ಲಾಸ್ಟಿಕ್ ಅಥವಾ ಮರದ ತುಂಡು ಇಟ್ಟು ಮೆಟಲ್‌ನಿಂದ ಸ್ವಲ್ಪ ಮೇಲೆತ್ತಿ. ಫ್ರಿಜ್ ಒಳಗಿನ ಸೆನ್ಸರ್‌ಗೆ ಎರಡು ಕಷ್ಟ, ಸುತ್ತ ಮೆಟಲ್ ಡಬ್ಬಿ, ಜೊತೆಗೆ ಚಳಿ. ಚಳೀಲಿ ಕಾಯಿನ್ ಸೆಲ್‌ನ ಒಳಗಿನ ರೆಸಿಸ್ಟೆನ್ಸ್ ಏರುತ್ತೆ, ರೇಡಿಯೋ ಆನ್ ಆದ ಕ್ಷಣ ವೋಲ್ಟೇಜ್ ಕುಸಿದು ಸೆನ್ಸರ್ ಆಫ್ ಆಗಿ ಆನ್ ಆಗುತ್ತೆ, ಸೆಲ್ ಹೊರಗೆ ತಂದು ಮೀಟರ್‌ಗೆ ಹಿಡಿದ್ರೆ ಚೆನ್ನಾಗೇ ತೋರ್ಸುತ್ತೆ. ಫ್ರೀಜರ್‌ಗೆ ಅಂದ್ರೆ ಡಬಲ್ ಎ ಅಥವಾ ಟ್ರಿಪಲ್ ಎ ತಗೊಳ್ಳೋ ಸೆನ್ಸರ್ ಆರಿಸ್ಕೊಂಡು ಅದಕ್ಕೆ 1.5 ವೋಲ್ಟ್ ಲಿಥಿಯಂ ಸೆಲ್ ಹಾಕಿ, ಮೈನಸ್ 40 ಡಿಗ್ರಿವರೆಗೆ ಕೆಲ್ಸ ಮಾಡೋವು ಸಿಗ್ತವೆ, ಆಲ್ಕಲೈನ್ ಅಲ್ಲಿ ತುಂಬಾ ಬೇಗ ಸುಸ್ತಾಗುತ್ತೆ.

ಎಷ್ಟು ಸಲ ಮಾತಾಡ್ಬೇಕು ಅಂತ ನೀವೇ ಹೇಳಿ

ಟೆಂಪರೇಚರ್ ಸೆನ್ಸರ್‌ಗಳಲ್ಲಿ ಕೆಲವಕ್ಕೆ ಫ್ಯಾಕ್ಟರಿ ಸೆಟ್ಟಿಂಗೇ ಅತಿ. ಹತ್ತು ಸೆಕೆಂಡ್‌ಗೊಮ್ಮೆ, 0.1 ಡಿಗ್ರಿ ಬದಲಾದ್ರೂ ರಿಪೋರ್ಟ್. ರೂಮ್ ಟೆಂಪರೇಚರ್ ಅಷ್ಟು ಬೇಗ ಗೊತ್ತಾಗಿ ನಾವೇನು ಮಾಡ್ಬೇಕಾಗಿದೆ. ಜಿಗ್‌ಬೀ2ಎಂಕ್ಯೂಟಿಟಿ (ಜಿಗ್‌ಬೀ ಡಿವೈಸ್‌ಗಳನ್ನ ನೋಡ್ಕೊಳ್ಳೋ ಸಾಫ್ಟ್‌ವೇರ್) ಬಳಸೋರು ಆ ಡಿವೈಸ್‌ನ ರಿಪೋರ್ಟಿಂಗ್ ಟ್ಯಾಬ್‌ಗೆ ಹೋಗಿ, ಅಲ್ಲಿ ಮೂರು ನಂಬರ್ ಇರುತ್ತೆ. ಮಿನಿಮಮ್ ಅಂದ್ರೆ ಎರಡು ರಿಪೋರ್ಟ್ ನಡುವೆ ಕನಿಷ್ಠ ಇರ್ಬೇಕಾದ ಸೆಕೆಂಡ್, ಮ್ಯಾಕ್ಸಿಮಮ್ ಅಂದ್ರೆ ಏನೂ ಬದಲಾಗ್ದಿದ್ರೂ ಇಷ್ಟು ಸೆಕೆಂಡ್‌ಗೊಮ್ಮೆ ಇದೀನಿ ಅಂತ ಹೇಳೋದು, ಮೂರನೇದು ಎಷ್ಟು ಬದಲಾದ್ರೆ ಹೇಳ್ಬೇಕು ಅನ್ನೋದು. ಟೆಂಪರೇಚರ್ ಅಲ್ಲಿ ಡಿಗ್ರಿಯ ನೂರನೇ ಒಂದು ಭಾಗದ ಲೆಕ್ಕದಲ್ಲಿರುತ್ತೆ, ಅಂದ್ರೆ 100 ಅಂದ್ರೆ 1 ಡಿಗ್ರಿ, 50 ಅಂದ್ರೆ ಅರ್ಧ ಡಿಗ್ರಿ. ಹ್ಯುಮಿಡಿಟಿನೂ ಹಂಗೇ, 100 ಅಂದ್ರೆ ಶೇಕಡಾ 1. ಮಲಗೋ ರೂಮಿಗೆ 300, 3600, 50 ಹಾಕಿದ್ರೆ ಸಾಕಷ್ಟಾಯ್ತು. ಹ್ಯುಮಿಡಿಟಿಗೆ ಮೂರನೇ ನಂಬರ್ 300 ಕೊಡಿ, ಅದು ಗಾಳಿ ಬೀಸಿದ್ರೂ ಕುಕ್ಕರ್ ಕೂಗಿದ್ರೂ ಏರಿಳಿತಾ ಇರೋದ್ರಿಂದ ಬಿಗಿಯಾಗಿ ಹಿಡಿದಷ್ಟೂ ಸೆಲ್ ತಿನ್ನುತ್ತೆ. ಬಾತ್‌ರೂಮ್ ಎಕ್ಸಾಸ್ಟ್ ಫ್ಯಾನ್ ಅದನ್ನೇ ನೋಡ್ಕೊಂಡು ಆನ್ ಆಗೋದಿದ್ರೆ ಅಲ್ಲಿ ಮಾತ್ರ ಮಿನಿಮಮ್ 30 ಸೆಕೆಂಡ್ ಇಡಿ.

ಸೆಟ್ಟಿಂಗ್ ಸೇವ್ ಮಾಡೋ ಹೊತ್ತಿಗೆ ಸೆನ್ಸರ್ ನಿದ್ದೇಲಿದ್ರೆ ಫೇಲ್ ಅಂತ ಬರುತ್ತೆ, ಸೆನ್ಸರ್ ಬಟನ್‌ನ ಮೆಲ್ಲಗೆ ಒಂದು ಸಲ ಒತ್ತಿ ಎಬ್ಬಿಸಿ ತಕ್ಷಣ ಸೇವ್ ಮಾಡಿ, ಜೋರಾಗಿ ಐದು ಸೆಕೆಂಡ್ ಒತ್ತಿದ್ರೆ ರೀಸೆಟ್ ಆಗುತ್ತೆ ಹುಷಾರು. ಮ್ಯಾಕ್ಸಿಮಮ್‌ನ ತುಂಬಾ ದೊಡ್ಡದು ಮಾಡೋಕೂ ಹೋಗ್ಬೇಡಿ, ಜಿಗ್‌ಬೀ2ಎಂಕ್ಯೂಟಿಟಿಯಲ್ಲಿ ಅವೈಲಬಿಲಿಟಿ ಆನ್ ಮಾಡಿದ್ರೆ ಸೆಲ್ ಡಿವೈಸ್ 25 ಗಂಟೆ ಸುದ್ದಿ ಇಲ್ಲ ಅಂದ್ರೆ ಆಫ್‌ಲೈನ್ ಅಂತ ತೋರ್ಸುತ್ತೆ, ಅಷ್ಟರೊಳಗೆ ಒಂದು ಸಲನಾದ್ರೂ ಅದು ಮಾತಾಡ್ಬೇಕು. ಎಲ್ಲಾ ಸೆನ್ಸರ್‌ನಲ್ಲೂ ಇದನ್ನ ಬದಲಾಯಿಸೋಕೆ ಬಿಡಲ್ಲ, ಕಂಪನಿ ಹೇಳಿದ ಹಂಗೇ ನಡ್ಕೊಳ್ಳೋವೂ ಇವೆ, ಅಂಥವನ್ನ ಸುಮ್ನೆ ಬಿಟ್ಬಿಡಿ.

ಬ್ಲೂಟೂತ್ ಥರ್ಮಾಮೀಟರ್‌ಗಳ ವಿಷಯ ಸ್ವಲ್ಪ ಬೇರೆ, ಅವು ಯಾರು ಕೇಳ್ತಿದಾರೆ ಅಂತ ನೋಡದೆ ಕೆಲವು ಸೆಕೆಂಡ್‌ಗೊಮ್ಮೆ ರೀಡಿಂಗ್‌ನ ಗಾಳಿಗೆ ಕೂಗ್ತಾ ಇರ್ತವೆ. ಶಓಮಿಯ ಚಿಕ್ಕ ಚೌಕದ ಡಿಸ್‌ಪ್ಲೇ ಇರೋ ಥರ್ಮಾಮೀಟರ್‌ಗೆ ಬೇರೆ ಫರ್ಮ್‌ವೇರ್ (ಒಳಗಿನ ಸಾಫ್ಟ್‌ವೇರ್) ಹಾಕೋರು ಬಹಳ ಜನ ಇದಾರೆ, ಅದರಲ್ಲಿ ಕೂಗೋ ಗ್ಯಾಪ್‌ನ ಹತ್ತು ಸೆಕೆಂಡ್‌ವರೆಗೆ ಜಾಸ್ತಿ ಮಾಡ್ಬಹುದು, ಅಳೆಯೋ ಗ್ಯಾಪ್‌ನೂ ಜಾಸ್ತಿ ಮಾಡ್ಬಹುದು. ಆ್ಯಪ್‌ನ ಪದೇ ಪದೇ ತೆಗೆದು ಕನೆಕ್ಟ್ ಮಾಡ್ಕೊಂಡು ಕೂತ್ರೂ ಸೆಲ್ ಹೋಗುತ್ತೆ, ಬರೀ ಕೇಳಿಸ್ಕೊಳ್ಳೋ ಗೇಟ್‌ವೇ ಇಟ್ರೆ ಅದಕ್ಕೆ ಹೊರೆ ಇಲ್ಲ.

ಮೋಶನ್ ಸೆನ್ಸರ್‌ಗಳಲ್ಲಿ ಸೆಟ್ಟಿಂಗ್‌ಗಿಂತ ಜಾಗ ಮುಖ್ಯ. ಹಾಲ್ ಮಧ್ಯಕ್ಕೆ ಮುಖ ಮಾಡಿ ಇಟ್ರೆ ಜನ ಕೂತಿರೋವಷ್ಟು ಹೊತ್ತೂ ಟ್ರಿಗರ್ ಆಗ್ತಾನೇ ಇರುತ್ತೆ, ಅದೇ ಓಡಾಡೋ ದಾರಿಗೆ ಅಡ್ಡ ನೋಡೋ ಥರ ಮೂಲೇಲಿ ಇಟ್ರೆ ಬೇಕಾದಾಗ ಮಾತ್ರ ಏಳುತ್ತೆ. ಮತ್ತೆ ಟ್ರಿಗರ್ ಆಗೋ ಮುಂಚಿನ ಬಿಡುವು ಕೆಲವದರಲ್ಲಿ ಸೆಟ್ ಮಾಡ್ಬಹುದು, ಮೆಟ್ಟಿಲಿಗೆ 30 ಸೆಕೆಂಡ್, ರೂಮಿಗೆ 90 ಸೆಕೆಂಡ್ ಇಡ್ಬಹುದು. ಪೂಜಾ ಮನೆ ದೀಪ, ಗ್ಯಾಸ್ ಒಲೆ, ಮಧ್ಯಾಹ್ನದ ಬಿಸಿಲು ಬೀಳೋ ಕಿಟಕಿ ಇವುಗಳ ಕಡೆ ಮುಖ ಮಾಡ್ಬೇಡಿ, ಮೋಶನ್ ಸೆನ್ಸರ್ ಒಳಗಿನ ಪಿಐಆರ್ ನೋಡೋದೇ ಶಾಖದ ಬದಲಾವಣೆನ. ಟ್ಯೂಬ್‌ಲೈಟ್ ಪಕ್ಕ ಇಟ್ರೆ ಹುಳ ಬಂದು ಲೆನ್ಸ್ ಮೇಲೇ ಕೂರುತ್ತೆ, ಅದರ ಹಿಂದೆ ಹಲ್ಲಿನೂ. ಕೂತಿರೋ ಮನುಷ್ಯನ್ನೂ ಪತ್ತೆ ಮಾಡೋ ರಡಾರ್ ಸೆನ್ಸರ್ ಬೇಕು ಅಂದ್ರೆ ಯುಎಸ್‌ಬಿ ಪವರ್‌ದೇ ತಗೊಳ್ಳಿ, ಅದು ಎಚ್ಚರ ಇದ್ದೇ ಕೆಲ್ಸ ಮಾಡ್ಬೇಕಾದ ವಸ್ತು, ಸೆಲ್‌ನಲ್ಲಿ ನಡೆಯೋವು ಎಚ್ಚರದ ಹೊತ್ತು ಕಮ್ಮಿ ಮಾಡಿನೇ ನಡೀಬೇಕು.

ವೈಫೈ ಸೆನ್ಸರ್ ಅಂದ್ರೆ

ಹಬ್ ಬೇಡ, ನೇರ ವೈಫೈ, ಬೆಲೆನೂ ಕಮ್ಮಿ ಅಂತ ತುಂಬಾ ಜನ ವೈಫೈ ಡೋರ್ ಸೆನ್ಸರ್ ತಗೋತಾರೆ. ಬಾಗಿಲು ತೆಗೆದಾಗ ಅದು ಎದ್ದು, ರೂಟರ್ ಹುಡುಕಿ, ಪಾಸ್‌ವರ್ಡ್ ಕೊಟ್ಟು ಸೇರಿ, ಐಪಿ ಅಡ್ರೆಸ್ ತಗೊಂಡು, ಕ್ಲೌಡ್‌ಗೆ ಕನೆಕ್ಟ್ ಆಗಿ ಆಮೇಲೆ ಸುದ್ದಿ ಹೇಳುತ್ತೆ, ಎರಡು ಮೂರು ಸೆಕೆಂಡ್ ಆದ್ರೂ ಆಗುತ್ತೆ, ಆ ಹೊತ್ತಲ್ಲಿ ಎಳೆಯೋದು ನೂರರ ಆಸುಪಾಸು ಮಿಲಿ ಆಂಪ್, ಕಳಿಸೋ ಕ್ಷಣದಲ್ಲಿ ಇನ್ನೂ ಜಾಸ್ತಿ. ಅದೇ ಸುದ್ದಿಗೆ ಜಿಗ್‌ಬೀ ತಗೊಳ್ಳೋದರ ನೂರಾರು ಪಟ್ಟು. ವರ್ಷಕ್ಕೆ ನಾಲ್ಕು ಸಲ ತೆಗೆಯೋ ಲಾಕರ್ ರೂಮಿಗೆ ಆದ್ರೆ ವೈಫೈ ಪರ್ವಾಗಿಲ್ಲ, ದಿನಕ್ಕೆ ನೂರು ಸಲ ತೆಗೆದು ಹಾಕೋ ಮುಂಬಾಗಿಲಿಗೆ, ಅಡುಗೆ ಮನೆ ಬಾಗಿಲಿಗೆ ಬೇಡವೇ ಬೇಡ. ಆಗಲೇ ತಗೊಂಡಿದ್ರೆ ರೂಟರ್ ಚಾನೆಲ್‌ನ ಆಟೋ ಬಿಟ್ಟು ಫಿಕ್ಸ್ ಮಾಡಿ, ಸೆನ್ಸರ್‌ಗೆ ಗಟ್ಟಿ ಸಿಗ್ನಲ್ ಸಿಗೋ ಹಂಗೆ ರೂಟರ್ ಇಡಿ, ಸೇರೋಕೆ ತಗೊಳ್ಳೋ ಹೊತ್ತು ಕಮ್ಮಿ ಆದಷ್ಟೂ ಉಳಿತಾಯ.

ಬೆಂಗಳೂರು ಎಸ್‌ಪಿ ರೋಡಲ್ಲಿ ಬೋರ್ಡ್ ತಂದು ಸ್ವಂತ ಸೆನ್ಸರ್ ಮಾಡೋ ಹುಡುಗ್ರು ಒಂದು ಗಮನಿಸಿ. ವೈಫೈ ಇರೋ ಇಎಸ್‌ಪಿ8266 ಚಿಪ್ ಡೀಪ್ ಸ್ಲೀಪ್‌ನಲ್ಲಿ ಎಳೆಯೋದು 20 ಮೈಕ್ರೋ ಆಂಪ್, ಆದ್ರೆ ಅದು ಕೂತಿರೋ ನೋಡ್‌ಎಂಸಿಯು ಬೋರ್ಡ್‌ನಲ್ಲಿ ವೋಲ್ಟೇಜ್ ಇಳಿಸಿ ಕೊಡೋ ಎಎಂಎಸ್1117 ರೆಗ್ಯುಲೇಟರ್ ಒಂದೇ ಸುಮ್ನೆ ಕೂತು 5 ಮಿಲಿ ಆಂಪ್ ಹತ್ತಿರ ತಿನ್ನುತ್ತೆ. 2500 ಎಂಎಎಚ್ 18650 ಸೆಲ್ ಹಾಕಿದ್ರೂ 500 ಗಂಟೆ, ಅಂದ್ರೆ ಮೂರು ವಾರ, ಸೆನ್ಸರ್ ಒಂದೇ ಒಂದು ಮೆಸೇಜ್ ಕಳಿಸದೇ ಇದ್ರೂ ಸೆಲ್ ಖಾಲಿ. ಬೋರ್ಡ್ ಬಿಟ್ಟು ಬರೀ ಮಾಡ್ಯೂಲ್ ತಗೊಂಡು ಕೆಲವೇ ಮೈಕ್ರೋ ಆಂಪ್ ತಗೊಳ್ಳೋ ಎಚ್‌ಟಿ7333 ಥರದ ರೆಗ್ಯುಲೇಟರ್ ಹಾಕಿ, ಅದು ಕೊಡೋ ಕರೆಂಟ್‌ಗೆ ಮಿತಿ ಇದೆ, ವೈಫೈ ಆನ್ ಆಗೋ ಕ್ಷಣಕ್ಕೆ ಅಂತ ಔಟ್‌ಪುಟ್‌ನಲ್ಲಿ ಒಂದು ದೊಡ್ಡ ಕೆಪಾಸಿಟರ್ ಇರ್ಲಿ, ಪವರ್ ಎಲ್‌ಇಡಿ ಇದ್ರೆ ಕಿತ್ತಾಕಿ. ಟೈಮರ್ ಮೇಲೆ ಏಳ್ಬೇಕಾದ್ರೆ ಜಿಪಿಐಒ 16ನ ರೀಸೆಟ್ ಪಿನ್‌ಗೆ ಸೇರಿಸ್ಬೇಕು. ಈ ಚಿಪ್‌ಗೆ ಪ್ರೋಗ್ರಾಂ ಹಾಕೋ ಇಎಸ್‌ಪಿಹೋಮ್‌ನಲ್ಲಿ ಸ್ಟ್ಯಾಟಿಕ್ (ಬದಲಾಗದ) ಐಪಿ ಕೊಟ್ಟು ಫಾಸ್ಟ್ ಕನೆಕ್ಟ್ ಆನ್ ಮಾಡಿದ್ರೆ ನೆಟ್‌ವರ್ಕ್ ಸ್ಕ್ಯಾನೂ ಐಪಿ ಕೇಳೋದೂ ತಪ್ಪಿ ಎಚ್ಚರದ ಹೊತ್ತು ಚೆನ್ನಾಗಿ ಇಳಿಯುತ್ತೆ. ಇನ್ನೂ ಕಮ್ಮಿ ಬೇಕು ಅಂದ್ರೆ ಇಎಸ್‌ಪಿ ನೌ ಬಳಸಿ, ರೂಟರ್‌ಗೆ ಸೇರೋ ಗೋಜೇ ಇಲ್ಲ, ಕರೆಂಟ್ ಮೇಲಿರೋ ಇನ್ನೊಂದು ಇಎಸ್‌ಪಿಗೆ ನೇರ ಎಸೆದು ಮಲಗುತ್ತೆ.

ಓವರ್‌ಹೆಡ್ ಟ್ಯಾಂಕ್‌ನ ವೈರ್‌ಲೆಸ್ ಲೆವೆಲ್ ಸೆನ್ಸರ್‌ಗೂ ಇದೇ ತರ್ಕ, ಆದ್ರೆ ಅಲ್ಲಿ ಮಧ್ಯೆ ಕಬ್ಬಿಣದ ಸರಳಿನ ಆರ್‌ಸಿಸಿ ಸ್ಲ್ಯಾಬ್ ಬರುತ್ತೆ, 2.4 ಗಿಗಾಹರ್ಟ್ಸ್‌ಗೆ ಅದನ್ನ ದಾಟೋದು ಕಷ್ಟ. ನಮ್ಮಲ್ಲಿ ಲೈಸೆನ್ಸ್ ಇಲ್ದೇ ಬಳಸ್ಬಹುದಾದ 865 ಮೆಗಾಹರ್ಟ್ಸ್ ಸುತ್ತಿನ ಲೋರಾ (ಕಮ್ಮಿ ಪವರ್‌ನಲ್ಲಿ ದೂರ ತಲುಪೋ ರೇಡಿಯೋ) ಮಾಡ್ಯೂಲ್ ಹಾಕಿದ್ರೆ ಕಮ್ಮಿ ಪವರ್‌ನಲ್ಲೇ ಕೆಳಗಿನವರೆಗೆ ಬರುತ್ತೆ, ರಿಸೀವರ್‌ನ ಮೆಟ್ಟಿಲ ರೂಮ್ ಹತ್ತಿರ ಇಟ್ರೆ ಇನ್ನೂ ಸಲೀಸು. ಮೋಟರ್ ಓಡ್ತಿರುವಾಗ 10 ಸೆಕೆಂಡ್‌ಗೊಮ್ಮೆ ಲೆವೆಲ್ ಬೇಕು ಸರಿ, ಉಳಿದ ಹೊತ್ತು 15 ನಿಮಿಷಕ್ಕೊಮ್ಮೆ ಸಾಕು. ನೀರು ಏರ್ತಾ ಇದೆ ಅನ್ನೋದನ್ನ ಸೆನ್ಸರ್ ತಾನೇ ನೋಡಿ ಗ್ಯಾಪ್ ಬದಲಾಯಿಸ್ಕೊಳ್ಳೋ ಹಂಗೆ ಪ್ರೋಗ್ರಾಂ ಬರೀರಿ, ಆಗ ಕೆಳಗಿನಿಂದ ಬರೋ ಕಮಾಂಡ್‌ಗೆ ಅಂತ ಅದು ಕಿವಿ ತೆರ್ಕೊಂಡು ಕೂರ್ಬೇಕಾಗಿಲ್ಲ. ರಾಯಚೂರು ಕಲಬುರಗಿ ಕಡೆ ಏಪ್ರಿಲ್ ಬಿಸಿಲಿಗೆ ಟೆರೇಸ್ ಮೇಲಿನ ಡಬ್ಬಿ ಒಳಗೆ ಕೈ ಇಡೋಕಾಗಲ್ಲ, ಸೆಲ್ ಆಯಸ್ಸು ಅಲ್ಲೇ ಕರಗುತ್ತೆ, ಡಬ್ಬೀನ ಟ್ಯಾಂಕ್‌ನ ಉತ್ತರದ ನೆರಳಲ್ಲಿ ಕಟ್ಟಿ. ಕರಾವಳಿ ಕಡೆಯವರು ಡಬ್ಬಿ ಸೀಲ್ ಮಾಡಿ ಒಂದು ಸಿಲಿಕಾ ಜೆಲ್ ಪೊಟ್ಟಣ ಹಾಕಿ, ಉಪ್ಪು ಗಾಳಿಗೆ ಟರ್ಮಿನಲ್ ಹಸಿರು ಕಟ್ಟಿದ್ರೆ ಸೆಲ್ ಚೆನ್ನಾಗಿದ್ರೂ ವೋಲ್ಟೇಜ್ ಒಳಗೆ ಹೋಗಲ್ಲ.

ಲಾಕ್, ಕ್ಯಾಮೆರಾ

ಸ್ಮಾರ್ಟ್ ಲಾಕ್‌ನಲ್ಲಿ ಹೆಚ್ಚಾಗಿ 4 ಡಬಲ್ ಎ ಸೆಲ್ ಇರುತ್ತೆ, ಅಲ್ಲಿ ರೇಡಿಯೋ ಜೊತೆ ಮೋಟರ್ ಕೂಡ ದೊಡ್ಡ ಖರ್ಚು. ಬೋಲ್ಟ್ ಚೌಕಟ್ಟಿನ ತೂತಿಗೆ ಸರಿಯಾಗಿ ಕೂರದೆ ಉಜ್ಜಿದ್ರೆ ಮೋಟರ್ ಪ್ರತಿ ಸಲ ಒದ್ದಾಡುತ್ತೆ. ಮಲೆನಾಡು ಕಡೆ ಮಳೆಗಾಲದಲ್ಲಿ ಮರದ ಬಾಗಿಲು ಉಬ್ಬಿ ಚೌಕಟ್ಟಿಗೆ ಹಿಡ್ಕೊಳ್ಳೋದು ಗೊತ್ತಿರೋದೇ, ಜೂನ್ ಬರೋ ಮುಂಚೆ ಬಡಗಿ ಕರ್ಸಿ ಬಾಗಿಲ ಅಂಚು ಕೀಸಿಸಿ, ಚೌಕಟ್ಟಲ್ಲಿ ಬೋಲ್ಟ್ ಹೋಗಿ ಕೂರೋ ಸ್ಟ್ರೈಕ್ ಪ್ಲೇಟ್ ತೂತು ಒಂಚೂರು ದೊಡ್ಡದು ಮಾಡ್ಸಿ. ಪರೀಕ್ಷೆ ಸುಲಭ, ಬಾಗಿಲು ತೆಗೆದಿಟ್ಟು ಲಾಕ್ ಮಾಡಿ ಮೋಟರ್ ಸದ್ದು ಕೇಳಿ, ಆಮೇಲೆ ಹಾಕಿ ಲಾಕ್ ಮಾಡಿ ಕೇಳಿ, ಎರಡನೇ ಸಲ ಸದ್ದು ಭಾರ ಇದ್ರೆ ಉಜ್ಜುತ್ತಿದೆ ಅಂತ. ಲಾಕ್‌ಗೆ ಒಳ್ಳೆ ಆಲ್ಕಲೈನೇ ಹಾಕಿ, ಕಂಪನಿಯವರು ಸರಿ ಅಂತ ಹೇಳದ ಹೊರತು ರೀಚಾರ್ಜಬಲ್ ಬೇಡ. ಅದರ ವೋಲ್ಟೇಜ್ ಕೊನೇವರೆಗೆ 1.2ರ ಹತ್ತಿರ ನಿಂತು ಆಮೇಲೆ ಒಮ್ಮೆಲೇ ಬೀಳುತ್ತೆ, ಲೋ ಬ್ಯಾಟರಿ ವಾರ್ನಿಂಗ್ ಬರೋಕೂ ಟೈಮ್ ಸಿಗಲ್ಲ. ಕೆಳಗಡೆ 9 ವೋಲ್ಟ್ ಸೆಲ್ ಹಿಡಿಯೋ ಪಾಯಿಂಟೋ ಯುಎಸ್‌ಬಿ ಸಿ ಪೋರ್ಟೋ ಇದ್ಯಾ ಅಂತ ಮನೆಯವರಿಗೆಲ್ಲ ತೋರ್ಸಿರಿ, ಮೆಕ್ಯಾನಿಕಲ್ ಕೀ ಮನೆ ಒಳಗೆ ಇಟ್ಟು ಪ್ರಯೋಜನ ಇಲ್ಲ, ಪಕ್ಕದ ಮನೇಲೋ ಅಣ್ಣನ ಮನೇಲೋ ಇರ್ಲಿ.

ಬ್ಯಾಟರಿ ಕ್ಯಾಮೆರಾ, ವಿಡಿಯೋ ಡೋರ್‌ಬೆಲ್ ಬಗ್ಗೆ ಜಾಸ್ತಿ ಹೇಳೋದಿಲ್ಲ. ರಸ್ತೆ ಕಾಣೋ ಭಾಗನ ಆಕ್ಟಿವಿಟಿ ಝೋನ್‌ನಿಂದ ತೆಗೀರಿ, ಇಲ್ಲಾಂದ್ರೆ ಪ್ರತಿ ಸ್ಕೂಟರ್‌ಗೂ ಒಂದು ಕ್ಲಿಪ್. ಕ್ಲಿಪ್ ಉದ್ದ ಕಮ್ಮಿ ಮಾಡಿ, ಲೈವ್ ನೋಡೋ ಚಟ ಕಮ್ಮಿ ಮಾಡಿ, ರಾತ್ರಿ ಪೋರ್ಟಿಕೋದಲ್ಲಿ ಒಂದು ಸಣ್ಣ ಎಲ್‌ಇಡಿ ಬಲ್ಬ್ ಉರಿತಿದ್ರೆ ಕ್ಯಾಮೆರಾ ತನ್ನ ಐಆರ್ ಲೈಟ್ ಹಾಕೋದು ತಪ್ಪುತ್ತೆ.

ಯಾವ ಸೆಲ್, ಪರ್ಸೆಂಟ್ ಎಷ್ಟು ನಂಬೋದು

ಹೆಸರಲ್ಲೇ ಅಳತೆ ಇದೆ. ಸಿಆರ್2032 ಅಂದ್ರೆ 20 ಮಿಮೀ ಅಗಲ 3.2 ಮಿಮೀ ದಪ್ಪ, ಸಿಆರ್2450 ಅಂದ್ರೆ ಸುಮಾರು 24.5 ಮಿಮೀ ಅಗಲ 5 ಮಿಮೀ ದಪ್ಪ, ಅದರಲ್ಲಿ 600 ಎಂಎಎಚ್ ಆಸುಪಾಸು ಇರುತ್ತೆ. ಹಾಗಾಗಿ ಹೊಸ ಸೆನ್ಸರ್ ತಗೊಳ್ಳುವಾಗ ಬೆಲೆ ಜೊತೆ ಸೆಲ್ ಯಾವ್ದು ಅಂತಾನೂ ನೋಡಿ, ಚಿಕ್ಕದಾಗಿ ಚಂದ ಕಾಣೋ ಸೆನ್ಸರ್‌ಗಿಂತ 2 ಟ್ರಿಪಲ್ ಎ ತಗೊಳ್ಳೋ ದಪ್ಪ ಸೆನ್ಸರ್ ನನಗಿಷ್ಟ, ಆ ಸೆಲ್ ಹಳ್ಳಿ ಅಂಗಡೀಲೂ ಸಿಗುತ್ತೆ. ಎಲ್‌ಐಆರ್2032 ಅಂತ ಚಾರ್ಜ್ ಮಾಡೋ ಕಾಯಿನ್ ಸೆಲ್ ಬರುತ್ತೆ, ಫುಲ್ ಆದಾಗ 4.2 ವೋಲ್ಟ್, 3 ವೋಲ್ಟ್ ಸೆನ್ಸರ್‌ಗೆ ಹಾಕಿದ್ರೆ ಸುಟ್ಟೋಗ್ಬಹುದು, ಅದರಲ್ಲಿರೋದೂ 40 ಎಂಎಎಚ್ ಹತ್ತಿರ ಅಷ್ಟೇ. ಡಬಲ್ ಎ ಸೈಜಲ್ಲೇ 3.6 ವೋಲ್ಟ್‌ನ ಇಆರ್14505 ಅಂತಾನೂ ಇದೆ, ಅದನ್ನ 1.5 ವೋಲ್ಟ್ ಜಾಗಕ್ಕೆ ಅಪ್ಪಿತಪ್ಪಿನೂ ಹಾಕ್ಬೇಡಿ. ಹಳೇದು ಹೊಸದು ಮಿಕ್ಸ್ ಮಾಡ್ಬೇಡಿ, ಹಾಕುವಾಗ ಕಾಯಿನ್ ಸೆಲ್‌ನ ಒಣ ಬಟ್ಟೇಲಿ ಒರೆಸಿ ಹಾಕಿ. ಮಕ್ಕಳು ಬಾಯಿಗೆ ಹಾಕ್ಬಾರ್ದು ಅಂತ ಕಹಿ ಲೇಪ ಇರೋ ಕಾಯಿನ್ ಸೆಲ್ ಬರುತ್ತೆ, ಕೆಲವು ಡಿವೈಸ್‌ನಲ್ಲಿ ಆ ಲೇಪದಿಂದ ಕಾಂಟ್ಯಾಕ್ಟ್ ಸಿಗಲ್ಲ, ಹೊಸ ಸೆಲ್ ಹಾಕಿದ್ರೂ ಆನ್ ಆಗ್ಲಿಲ್ಲ ಅಂದ್ರೆ ಅದೂ ಒಂದು ಕಾರಣ ಇರ್ಬಹುದು.

ಆ್ಯಪ್ ತೋರ್ಸೋ ಪರ್ಸೆಂಟ್ ಬರೀ ವೋಲ್ಟೇಜ್ ನೋಡಿ ಮಾಡಿದ ಅಂದಾಜು. ಲಿಥಿಯಂ ಕಾಯಿನ್ ಸೆಲ್ ವೋಲ್ಟೇಜ್ ಬಹುಪಾಲು ಆಯಸ್ಸು 3ರ ಹತ್ತಿರಾನೇ ನಿಂತಿರುತ್ತೆ, ಕೊನೇಲಿ ಜಾರುತ್ತೆ, ಹಾಗಾಗಿ 100 ತೋರಿಸ್ತಾ ತೋರಿಸ್ತಾನೇ ಮಾರನೇ ದಿನ ಸತ್ತಿರುತ್ತೆ. ರೀಚಾರ್ಜಬಲ್ 1.2 ವೋಲ್ಟ್ ಸೆಲ್ ಹಾಕಿದ್ರೆ ತುಂಬಿದ್ದಾಗ್ಲೂ ಅರ್ಧದ ಹತ್ತಿರ ತೋರ್ಸುತ್ತೆ. ಪರ್ಸೆಂಟ್‌ಗೆ ಅಲರ್ಟ್ ಹಾಕೋ ಬದಲು ಕೊನೆ ಸಲ ಯಾವಾಗ ಮಾತಾಡ್ತು ಅನ್ನೋದಕ್ಕೆ ಹಾಕಿ, ನೀರು ಸೋರೋದು ಹೊಗೆ ಪತ್ತೆ ಮಾಡೋ ಸೆನ್ಸರ್‌ಗಳಿಗಂತೂ ಇದು ಬೇಕೇ ಬೇಕು. ಹೊಸ ಸೆಲ್ ಹಾಕುವಾಗ ಅದರ ಮೇಲೆ ಮಾರ್ಕರ್‌ನಲ್ಲಿ ತಿಂಗಳು ವರ್ಷ ಬರೀರಿ. ಒಂದೇ ಮಾಡೆಲ್‌ನ ಐದು ಸೆನ್ಸರ್‌ನಲ್ಲಿ ಒಂದೇ ಒಂದು ಬೇಗ ಸಾಯ್ತಿದ್ರೆ ಆ ರೂಮಿನ ರಿಪೀಟರ್ ನೋಡಿ, ಐದೂ ಸಾಯ್ತಿದ್ರೆ ರಿಪೋರ್ಟಿಂಗ್ ಮತ್ತೆ ಚಾನೆಲ್ ನೋಡಿ. ಫರ್ಮ್‌ವೇರ್ ಅಪ್‌ಡೇಟ್ ಜಿಗ್‌ಬೀಲಿ ಅರ್ಧ ಗಂಟೆಗಿಂತ ಜಾಸ್ತಿ ಓಡೋದು ಮಾಮೂಲಿ, ಸುಸ್ತಾದ ಸೆಲ್ ಮೇಲೆ ಶುರು ಮಾಡ್ಬೇಡಿ, ಸೆಲ್ ಬದಲಾಯಿಸಿದ ಮೇಲೆ ಮಾಡಿ. ಸೆಲ್ ಬದಲಾಯಿಸೋಕೆ ಅಂತ ಆ್ಯಪ್‌ನಿಂದ ಡಿವೈಸ್ ಡಿಲೀಟ್ ಮಾಡೋ ಅಗತ್ಯ ಇಲ್ಲ, ಹೊಸದು ಹಾಕಿ ಬಟನ್ ಒಂದು ಸಲ ಒತ್ತಿದ್ರೆ ತಾನೇ ವಾಪಸ್ ಸೇರುತ್ತೆ.

ಮಕ್ಕಳಿರೋ ಮನೆಯವರು ಇದನ್ನ ದಯವಿಟ್ಟು ಗಂಭೀರವಾಗಿ ತಗೊಳ್ಳಿ. ಕಾಯಿನ್ ಸೆಲ್ ನುಂಗಿದ್ರೆ ಎರಡೇ ಗಂಟೇಲಿ ಅನ್ನನಾಳ ಸುಡ್ಬಹುದು, ಖಾಲಿಯಾದ ಸೆಲ್‌ನಲ್ಲೂ ಆ ಅಪಾಯಕ್ಕೆ ಸಾಕಾಗೋಷ್ಟು ವೋಲ್ಟೇಜ್ ಇರುತ್ತೆ. ನುಂಗಿರ್ಬಹುದು ಅನ್ನೋ ಅನುಮಾನ ಬಂದ್ರೂ ಸಾಕು, ವಾಂತಿ ಮಾಡ್ಸೋಕೆ ಹೋಗದೆ ನೇರ ಎಕ್ಸ್‌ರೇ ಇರೋ ಆಸ್ಪತ್ರೆಗೆ ಓಡಿ. ಕೈಗೆಟುಕೋ ಎತ್ತರದ ಬಟನ್ ರಿಮೋಟ್‌ಗಳಲ್ಲಿ ಸ್ಕ್ರೂ ಇರೋ ಮುಚ್ಚಳದ್ದೇ ತಗೊಳ್ಳಿ, ತೆಗೆದ ಹಳೇ ಸೆಲ್‌ನ ಟೇಬಲ್ ಮೇಲೆ ಬಿಡದೆ ಆಗಿಂದಾಗ್ಲೇ ಎರಡೂ ಕಡೆ ಸೆಲ್ಲೋ ಟೇಪ್ ಸುತ್ತಿ ಎತ್ತರದ ಡಬ್ಬೀಲಿ ಹಾಕಿಡಿ, ಟೇಪ್ ಇಲ್ದೇ ಒಂದರ ಮೇಲೊಂದು ಬಿದ್ರೆ ಶಾರ್ಟ್ ಆಗಿ ಬಿಸಿ ಏರ್ತವೆ. ಡಬ್ಬಿ ತುಂಬಿದ ಮೇಲೆ ಹಸಿ ಕಸ ಒಣ ಕಸದ ಜೊತೆ ಬೆರೆಸ್ದೆ ಇ-ವೇಸ್ಟ್ ತಗೊಳ್ಳೋ ಕಡೆ ಕೊಡಿ, 2022ರ ಬ್ಯಾಟರಿ ತ್ಯಾಜ್ಯ ನಿಯಮಗಳ ಪ್ರಕಾರ ಹಳೇ ಸೆಲ್ ವಾಪಸ್ ಸಂಗ್ರಹಿಸೋ ಜವಾಬ್ದಾರಿ ತಯಾರಕರ ಮೇಲೂ ಇದೆ.